ಗಡಿನಾಡಿನ ಬುಟ್ಟಿ: ಗುರುತು ಮತ್ತು ಬೆಲೆ

1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಗೊಂಡಾಗ ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಬೀದರ ಜಿಲ್ಲೆಯ ನಾರಾಯಣಖೇಡ ಹಾಗೂ ಜಹೀರಾಬಾದಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಸೇರಿದವು. ಶಾಲೆ, ಕಚೇರಿಗಳ ದಾರಿ ಬೇರೆಯಾಯಿತು. ಆದರೆ ಪೆದ್ದೆಮುಲ್ಲಿನ ಹೊಲದಲ್ಲಿಯೂ ಸೇಡಂ, ಚಿಂಚೋಳಿಗಳ ಹೊಲದಲ್ಲಿಯೂ ಬೆಳೆಯುವುದು ಅದೇ ಜೋಳ, ಅದೇ ತೊಗರಿ. ಅವನ್ನು ತುಂಬುವ ಬುಟ್ಟಿಯೂ ಒಂದೇ. ಗಡಿನಾಡಿನ ಚರಿತ್ರೆಗಾಗಿ ಶಾಸನಗಳನ್ನು ಹುಡುಕುವ ನಾವು ಈ ಬುಟ್ಟಿಯನ್ನು ಕಂಡೂ ಕಾಣದಂತಿದ್ದೇವೆ.

ಹೆಣೆಯುವವರ ಹೆಸರಿನಲ್ಲಿಯೇ ಚರಿತ್ರೆಯಿದೆ. ಮೇದಾರ, ಬುರುಡ, ಗವರಿಗ ಎಂದು ಅವರಿಗೆ ಹಲವು ಹೆಸರು. ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯನ ವಚನಗಳ ಅಂಕಿತ ‘ಗವರೇಶ್ವರ’. ಕಸುಬಿನ ಹೆಸರೇ ಅಲ್ಲಿ ದೇವರ ಹೆಸರಾಗಿದೆ. ಇದೇ ಸಮುದಾಯ ಇಂದು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ, ತೆಲಂಗಾಣದಲ್ಲಿ ಹಿಂದುಳಿದ ವರ್ಗ. ಗಡಿಯ ಗೆರೆ ನಕಾಶೆಯ ಮೇಲಷ್ಟೇ ಎಳೆದದ್ದಲ್ಲ.

ಹಳೆಯ ಬುಟ್ಟಿಯನ್ನು ಗುರುತಿಸಲು ಮೊದಲು ಅದರ ಅಂಚನ್ನು ನೋಡಬೇಕು. ಬಿದಿರಿನ ಸಿಪ್ಪೆಯಿಂದಲೇ ಬಿಗಿದ ಅಂಚು ಹಳೆಯ ಕ್ರಮ. ಪ್ಲಾಸ್ಟಿಕ್ ದಾರ ಈಚಿನದು. ಆದರೆ ಹಳೆಯ ಬುಟ್ಟಿಗೂ ಹೊಸ ಅಂಚು ಕಟ್ಟಿಸುವ ರೂಢಿಯಿದೆ. ಆದ್ದರಿಂದ ಮಗುಚಿ ಹಾಕಿ ತಳವನ್ನೂ ನೋಡಬೇಕು: ವರ್ಷಾನುಗಟ್ಟಲೆ ನೆಲಕ್ಕೆ ಉಜ್ಜಿದ ಸವೆತವನ್ನು ಕೃತಕವಾಗಿ ತರುವುದು ಸುಲಭವಲ್ಲ. ಬಿದಿರಿನ ಹೊರಸಿಪ್ಪೆಯ ಸೀಳು ನುಣುಪಾಗಿ ಹೊಳೆಯುತ್ತದೆ. ಒಳತಿರುಳಿನ ಸೀಳಿಗೆ ಹುಳು ಬೇಗ ಬೀಳುತ್ತದೆ. ತೊಗರಿ ಕಟ್ಟಿಗೆಯಿಂದ ಹೆಣೆದದ್ದು ಒರಟು, ತೊಗಟೆ ಕಣ್ಣಿಗೆ ಕಾಣುತ್ತದೆ. ಹೊಲಗೆಲಸಕ್ಕೆ ಬಳಸಿ ಬಿಸಾಡುವ ಈ ಬುಟ್ಟಿಯನ್ನು ಯಾರೂ ಕಾದಿಡುವುದಿಲ್ಲ. ಹಳೆಯದೊಂದು ಸಿಕ್ಕರೆ ಅದೇ ಭಾಗ್ಯ.

ಕಾಳು ಸೋರದಂತೆ ಸಗಣಿಯನ್ನೋ ಮೆಂತ್ಯದ ಲೇಪವನ್ನೋ ಸಾರಿಸಿದ ಬುಟ್ಟಿಗಳನ್ನು ಸಂಗ್ರಹಕಾರರು ಕೆಲವೊಮ್ಮೆ ತೊಳೆದು ಹೊಳಪಿಸುತ್ತಾರೆ. ಹೊಳಪಿಗೆ ಹಣ ಬರಬಹುದು. ಆದರೆ ಬಳಕೆಯ ಸಾಕ್ಷಿ ತೊಳೆದುಹೋಯಿತು.

ಜಪಾನಿನಲ್ಲಿ 1967ರಲ್ಲಿ ಶೋನೊ ಶೋಉನ್‌ಸಾಯ್ ಎಂಬ ಬಿದಿರು ಕಲಾವಿದರನ್ನು ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಗೌರವಿಸಲಾಯಿತು. ಅಲ್ಲಿ ಕಲಾವಿದನ ಹೆಸರು ಬೆಲೆಯನ್ನು ಏರಿಸುತ್ತದೆ. ನಮ್ಮ ಬುಟ್ಟಿಗೆ ಸಹಿಯಿಲ್ಲ. ಎಳ್ಳಮವಾಸ್ಯೆಯಂದು ಬುತ್ತಿ ಹೊತ್ತು ಚರಗ ಚೆಲ್ಲಲು ಹೊಲಕ್ಕೆ ಹೋದ ಬುಟ್ಟಿಗೂ ಸಂತೆಯಲ್ಲಿ ನಿನ್ನೆ ಕೊಂಡದ್ದಕ್ಕೂ ಇರುವ ವ್ಯತ್ಯಾಸವನ್ನು ಮನೆಯವರ ಮಾತಷ್ಟೇ ಹೇಳಬಲ್ಲದು. ಆ ಮಾತು ಇಲ್ಲದೆ ನಗರದ ಹೋಟೆಲಿನ ಗೋಡೆಯೇರಿದ ಬುಟ್ಟಿ ಬರಿಯ ಅಲಂಕಾರ. ಮೊರ, ಮರ, ಚಾಟ. ಬುಟ್ಟಿ, ಪುಟ್ಟಿ, ಗಂಪ: ಒಂದು ಓಣಿಯಿಂದ ಇನ್ನೊಂದಕ್ಕೆ ಹೆಸರು ಬದಲಾಗುವ ನಾಡಿದು.

ಆದ್ದರಿಂದ ಬುಟ್ಟಿಯನ್ನು ಕೊಳ್ಳುವವರು ಅದರೊಳಗೊಂದು ಚೀಟಿ ಇಡಲಿ: ಊರು, ಹೆಣೆದವರ ಹೆಸರು, ತುಂಬುತ್ತಿದ್ದ ಕಾಳು, ಮನೆಯ ಹಿರಿಯಳು ಅದನ್ನು ಕರೆಯುತ್ತಿದ್ದ ಬಗೆ. ಆಕೆ ಗಂಪ ಎಂದಿದ್ದರೆ ಗಂಪ ಎಂದೇ ಬರೆಯಲಿ.