ಬದುಕಿ ಬಂದವರಿಗೆ ಕಲ್ಲಿಲ್ಲ

ಕುಣಿಗಲ್ಲಿನಿಂದ ಹುಲಿಯೂರುದುರ್ಗದ ಮೇಲೆ ಹಾದು ಹೋದರೆ ಮದ್ದೂರು ಸೀಮೆ ಸಿಗುತ್ತದೆ. ಆ ಸೀಮೆಯಲ್ಲಿ ಆತಕೂರು ಎಂಬ ಊರಿದೆ. ಕ್ರಿ.ಶ. 949ರ ಸುಮಾರಿನಲ್ಲಿ ತಕ್ಕೋಲದ ಯುದ್ಧ ನಡೆದು ಚೋಳರ ರಾಜಾದಿತ್ಯ ಬಿದ್ದನಲ್ಲ, ಆ ಯುದ್ಧದಲ್ಲಿ ರಾಷ್ಟ್ರಕೂಟರ ಪರ ನಿಂತ ಗಂಗರ ಬೂತುಗನ ಕಡೆ ಕಾದಾಡಿದ ಮಣಲೇರ ಎಂಬವನೊಬ್ಬ ಜೀವಸಹಿತ ಹಿಂದಿರುಗಿದ. ಮೆಚ್ಚಿದ್ದೇನೆ, ಬೇಕಾದ್ದು ಕೇಳು ಎಂದ ರಾಷ್ಟ್ರಕೂಟ ದೊರೆಯ ಮುಂದೆ ಅವನು ಚಿನ್ನ ಕೇಳಲಿಲ್ಲ, ಪದವಿ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೊಂದು ದಿನ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಅದನ್ನೂ ಕೊಂದು ತಾನೂ ಸತ್ತಿತು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿದ, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇವತ್ತಿಗೂ ಆ ಕಲ್ಲಿದೆ, ನೋಡಬಹುದು.

ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಮಣಲೇರನದೇ ಯೋಚನೆ. ಯುದ್ಧ ಮುಗಿಸಿ ಬಂದು ಊರು ನೋಡಿಕೊಂಡು, ನಾಯಿ ಸಾಕಿಕೊಂಡು, ಸತ್ತ ನಾಯಿಗೆ ಅತ್ತ ಸೈನಿಕ ಅವನು. ಅವನ ಉಳಿದ ಬಾಳು ಹೇಗಿತ್ತೋ, ಆ ಕಲ್ಲು ಹೇಳುವುದಿಲ್ಲ.

ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯೂ ಇಂಥ ಕಲ್ಲುಗಳಿಗೆ ಬರವಿಲ್ಲ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟ ಪೂರ್ತಿ ಈ ಜಿಲ್ಲೆಯ ಶಾಸನಗಳದೇ. ಬರಹವಿರದ ವೀರಗಲ್ಲುಗಳು ಕೆರೆ ಏರಿಯ ಮೇಲೆ, ಹುಣಸೆ ಮರದ ಬುಡದಲ್ಲಿ, ಊರಬಾಗಿಲ ಪಕ್ಕದಲ್ಲಿ ಇನ್ನೂ ನಿಂತಿವೆ. ನಮ್ಮ ಜನ ಈರಗಲ್ಲು ಎನ್ನುತ್ತಾರೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಬಿದ್ದವನ ಮನೆಯವರಿಗೆ ನೆತ್ತರುಗೊಡಗೆ ಎಂದು ಹೊಲ ಬಿಡುತ್ತಿದ್ದರು. ಆ ಹೆಸರು ಕೇಳಿದರೇ ಮೈ ಜುಮ್ಮೆನ್ನುತ್ತದೆ. ಗೆದ್ದು ಬಂದವನ ಕತ್ತಿ ತೊಳೆದು ಕೊಡುವ ದತ್ತಿಗೆ ಬಾಳ್ಗಚ್ಚು ಎಂದು ಹೆಸರು. ಮಣಲೇರನಿಗೆ ಆತಕೂರು ಸಿಕ್ಕಿದ್ದು ಹಾಗೆ. ಬದುಕಿ ಬಂದವನಿಗೆ ಭೂಮಿ ಕೊಟ್ಟರು, ಕಲ್ಲು ಕೊಡಲಿಲ್ಲ. ಸಾವಿರ ವರ್ಷದಿಂದ ನಾವು ಹೀಗೇ ನಡೆದುಕೊಂಡು ಬಂದಿದ್ದೇವೆ.

ಕುಣಿಗಲ್ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕೆರೆ, ಆಮೇಲೆ ಕುದುರೆ ಫಾರಂ. ಈ ಕುದುರೆ ಫಾರಂ ಕೂಡ ಯುದ್ಧದ ಕೂಸೇ. ಟಿಪ್ಪು ಸುಲ್ತಾನನ ಕಾಲದಲ್ಲಿ, ಅಶ್ವದಳಕ್ಕೆ ಕುದುರೆ ಬೇಕೆಂದು ಕಟ್ಟಿದ ಲಾಯ ಇದು. ತಾಲ್ಲೂಕಿನ ಹುತ್ರಿದುರ್ಗ, ಹುಲಿಯೂರುದುರ್ಗಗಳು ಕೆಂಪೇಗೌಡರ ವಂಶದ ನೆನಪಿನ ಕೋಟೆಗಳು. 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಇಂಗ್ಲಿಷ್ ಸೈನ್ಯ ಸಾವನದುರ್ಗ ಹಿಡಿದು, ಬೆನ್ನಿಗೇ ಹುತ್ರಿದುರ್ಗವನ್ನೂ ಹಿಡಿಯಿತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕುದುರೆ ಫಾರಂ ಇಂಗ್ಲಿಷರ ಕೈಗೆ ಹೋಯಿತು. ಮುಂದೆ ಮೈಸೂರು ಸರ್ಕಾರದ ಸಿಲೇದಾರ್ ಪಡೆಗೆ ಇಲ್ಲಿ ಕುದುರೆ ಬೆಳೆಸಿದರು. 1992ರಲ್ಲಿ ಖಾಸಗಿಯವರಿಗೆ ಗುತ್ತಿಗೆಯಾದಾಗ ಇದು ರೇಸಿನ ಕುದುರೆಗಳ ಜಾಗವಾಗಿ ಹೋಗಿತ್ತು. ಹೆದ್ದಾರಿಯಲ್ಲಿ ಹೋಗುವವರು ಬೇಲಿಯಾಚೆ ಮರಿ ಮೇಯುವುದನ್ನು ಕಂಡು ಸಂತೋಷಪಡುತ್ತಾರೆ. ನಮ್ಮ ರಾಗಿ ಹೊಲಗಳ ನಡುವೆ ಇಷ್ಟು ದೊಡ್ಡ ಹುಲ್ಲುಗಾವಲು ಯಾತಕ್ಕೆ ಹುಟ್ಟಿತು ಎಂದು ಮಕ್ಕಳಿಗೆ ಹೇಳುವವರು ಕಡಿಮೆಯಾಗಿದ್ದಾರೆ.

ಸಂಸ್ಥಾನದ ಸೈನಿಕರ ಕತೆಯಂತೂ ಇನ್ನೂ ದೂರದ್ದು. 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆ ಕಾದದ್ದಾಯಿತು, ಮರಳುಗಾಡು ದಾಟಿದ್ದಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ದಾಳಿ. ಜೋಧಪುರದವರು ನೇರ ಪಟ್ಟಣಕ್ಕೆ ಕುದುರೆ ನುಗ್ಗಿಸಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿದರು. ಎದುರಿಗಿದ್ದವರ ಹತ್ತಿರ ಮಷೀನ್‌ಗನ್ನು, ಇವರ ಕೈಯಲ್ಲಿ ಭರ್ಜಿ. ತಿಂಗಳು ಕಳೆದು ಅಕ್ಟೋಬರ್ 26ರಂದು ಅಲೆಪ್ಪೊ ಹತ್ತಿರದ ಹರಿತಾನ್‌ನಲ್ಲಿ ಮತ್ತೊಂದು ಕಾಳಗ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂವರು ಸೈನಿಕರ ಪ್ರತಿಮೆಗಳಲ್ಲಿ ಒಂದು ಮೈಸೂರಿನವನದು. ಆ ವೃತ್ತಕ್ಕೆ 2018ರಲ್ಲಿ ಹೈಫಾ ಹೆಸರೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದ ಬಳಿ ಪಡೆಯ ಸ್ಮಾರಕವಿದೆ. ಎರಡನೆಯ ಮಹಾಯುದ್ಧದಲ್ಲಿ 1942ರ ಫೆಬ್ರುವರಿ 15ರಂದು ಸಿಂಗಾಪುರ ಬಿದ್ದಾಗ ಮೈಸೂರಿನ ಕಾಲಾಳು ಪಡೆಯವರೂ ಜಪಾನೀಯರ ಸೆರೆಯಾದರು. ಸೆರೆ ಕಳೆದು ಬಂದವರು ಮತ್ತೆ ಅದೇ ಹೊಲ, ಅದೇ ನೇಗಿಲು ಹಿಡಿದರು. ಅವರು ಏನು ಕಂಡರೆಂದು ಯಾರೂ ಬರೆದುಕೊಳ್ಳಲಿಲ್ಲ.

ಗುಬ್ಬಿ ಕಡೆಯ ಹಳ್ಳಿಯೊಂದರ ಒಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಮಿಲ್ಟ್ರಿಯಿಂದ ಬಂದವರ ಹೆಸರಿನ ಹಿಂದೆ ಆ ಪದ ಅಂಟಿಕೊಂಡುಬಿಡುತ್ತದೆ. ಇವರಿಗೂ ಮಿಲ್ಟ್ರಿಯಣ್ಣ ಎಂದೇ ಹೆಸರು, ವಯಸ್ಸಾದ ಮೇಲೆ ಮಿಲ್ಟ್ರಿ ತಾತ. 1971ರ ಯುದ್ಧ ನೋಡಿದವರು. ಪಿಂಚಣಿ ಪಡೆದು ಬಂದಾಗ ಇನ್ನೂ ನಲವತ್ತು ತುಂಬಿರಲಿಲ್ಲ. ಜೊತೆಗೆ ತಂದದ್ದು ಒಂದು ಕಪ್ಪು ಟ್ರಂಕು, ಒಂದು ಕಂಬಳಿ, ಬೆಳಗ್ಗೆ ಐದಕ್ಕೆ ಏಳುವ ಅಭ್ಯಾಸ.

ಅಣ್ಣ ತೀರಿಹೋಗಿದ್ದರು. ಅಣ್ಣನ ಮೂವರು ಮಕ್ಕಳು, ತಮ್ಮ ಇಬ್ಬರು, ಐವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸಿದರು. ಅತ್ತಿಗೆಯ ಹೆಸರಿಗೆ ಹೊಲದ ಖಾತೆ ಮಾಡಿಸಿದ್ದು ಅವರೇ. ಬರದ ವರ್ಷ ತೆಂಗಿನ ಸಸಿಗಳಿಗೆ ಹೆಗಲ ಮೇಲೆ ನೀರು ಹೊತ್ತರು. ಊರಿನ ವಿಧವಾ ವೇತನದ ಅರ್ಜಿ, ಮನಿಯಾರ್ಡರ್ ಫಾರಂ, ತಾಲ್ಲೂಕು ಕಚೇರಿಗೆ ಹಾಕಬೇಕಾದ ಮನವಿ ಎಲ್ಲ ಅವರ ಜಗಲಿಯ ಮೇಲೇ ಆಗುತ್ತಿದ್ದವು. ಕೆರೆ ಏರಿಯ ಮೇಲೆ ಹುಡುಗರನ್ನು ಓಡಿಸಿ ಭರ್ತಿಗೆ ತಯಾರು ಮಾಡುತ್ತಿದ್ದರು. ಆಗಸ್ಟ್ 15ರಂದು ಶಾಲೆಯ ಬಾವುಟ ಮಡಿಸುವ ಕೆಲಸ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಹೂವಿನ ಪಕಳೆಗಳನ್ನು ಒಳಗಿಟ್ಟು ಕಟ್ಟುವಾಗ ಅವರ ಬೆರಳು ನಡುಗಿದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ.

ಯುದ್ಧದ ಮಾತು ಎತ್ತಿದರೆ ಮಾತ್ರ ಸುಮ್ಮನಾಗುತ್ತಿದ್ದರು. ಒಮ್ಮೆ ಬಿಡದೆ ಕೇಳಿದೆ. "ಸತ್ತೋರ ಕತೆ ಕೇಳು ಮಗ. ನಾನು ಬದ್ಕಿ ಬಂದೋನು, ನಂದೇನೈತೆ" ಎಂದರು. ಆಮೇಲೆ ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿದರು.

ಆ ಮಾತನ್ನು ನಾನು ಇವತ್ತಿಗೂ ಒಪ್ಪಿಲ್ಲ. ಸತ್ತವರ ಋಣ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬದುಕಿ ಬಂದು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಪ್ರತಿದಿನ ಐದಕ್ಕೆದ್ದು ಒಂದು ಮನೆಯನ್ನೂ ಒಂದು ಊರನ್ನೂ ನಿಲ್ಲಿಸಿದ ಬಾಳು ಕಾಳಗಕ್ಕಿಂತ ಹಗುರವಾದದ್ದೇನಲ್ಲ. ಅಂಥವರಿಂದಲೇ ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹೈಸ್ಕೂಲು ಮುಟ್ಟಿದ್ದನ್ನು, ಜಗಳಗಳು ಕೋರ್ಟಿಗೆ ಹೋಗದೆ ಜಗಲಿಯಲ್ಲೇ ಮುಗಿದದ್ದನ್ನು ನಾನು ಕಂಡಿದ್ದೇನೆ.

ಈಗ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಕುಣಿಗಲ್ಲು ಕುದುರೆ ಸಾಕಿತು, ಗುಬ್ಬಿ ಹೆಲಿಕಾಪ್ಟರ್ ಕಟ್ಟುತ್ತಿದೆ. ಕುದುರೆಯ ವಂಶಾವಳಿಗೆ ಫಾರಮ್ಮಿನಲ್ಲಿ ದಾಖಲೆ ಪುಸ್ತಕವಿರುತ್ತದೆ, ಹೆಲಿಕಾಪ್ಟರಿನ ಪ್ರತಿ ಬಿಡಿಭಾಗಕ್ಕೂ ನಂಬರಿರುತ್ತದೆ. ಈ ಮಣ್ಣಿನಿಂದ ಹೋಗಿ, ಹೋರಾಡಿ, ಹಿಂದಿರುಗಿ ಬಂದ ಮನುಷ್ಯರ ಒಂದು ಪಟ್ಟಿ ನಮ್ಮೂರಿನ ಗ್ರಾಮ ಪಂಚಾಯಿತಿಯಲ್ಲಿಲ್ಲ.

ಮಿಲ್ಟ್ರಿ ತಾತ ತೀರಿಕೊಂಡ ಮೇಲೆ ಆ ಟ್ರಂಕು ಅಟ್ಟ ಸೇರಿತ್ತು. ಹಬ್ಬಕ್ಕೆ ಸುಣ್ಣ ಬಳಿಯುವಾಗ ಗುಜರಿಗೆ ಹೋಗುವುದರಲ್ಲಿತ್ತು. ಮೊಮ್ಮಗಳು ತಡೆದಳು. ಒಳಗೆ ಡಿಸ್ಚಾರ್ಜ್ ಬುಕ್ಕು, ಎರಡು ಪದಕ, ಅಣ್ಣನ ಮಕ್ಕಳ ಶಾಲೆಯ ಫೀಸಿನ ರಸೀದಿಗಳ ಕಟ್ಟು. ರಸೀದಿಗಳನ್ನು ಇಸವಿಯ ಪ್ರಕಾರ ದಾರ ಹಾಕಿ ಕಟ್ಟಿದ್ದರು.

ನಿಮ್ಮ ಮನೆಯ ಅಟ್ಟದಲ್ಲೂ ಅಂಥದೊಂದು ಟ್ರಂಕು ಇದ್ದರೆ ಇಳಿಸಿ ನೋಡಿ. ಅದರಲ್ಲಿರುವ ಹೆಸರು, ಪಡೆ, ಹೋದ ವರ್ಷ, ಬಂದ ವರ್ಷ ಬರೆದಿಡಿ. ಬಂದ ಮೇಲೆ ಅವರು ಊರಿಗೆ ಏನು ಮಾಡಿದರೆಂದು ಅವರನ್ನು ಕಂಡ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಒಂದು ಪ್ರತಿಯನ್ನು ಊರ ಶಾಲೆಗೆ ಕೊಡಿ.