ಎರಡು ನದಿಗಳ ನಡುವಣ ಭೋಜ ಗ್ರಾಮ

ನಿಪ್ಪಾಣಿಯಿಂದ ಈಶಾನ್ಯಕ್ಕೆ ಸಾಗಿದರೆ ಭೋಜ ಎಂಬ ಗ್ರಾಮ ಸಿಗುತ್ತದೆ. ಭೂಪಟದಲ್ಲಿ ಅದೊಂದು ಚುಕ್ಕೆ ಮಾತ್ರ. ಆದರೂ ಈ ಗಡಿಸೀಮೆಯ ಚರಿತ್ರೆಯನ್ನು ಅರಿಯಬಯಸುವವರು ಅದನ್ನು ದಾಟಿ ಮುಂದೆ ಹೋಗಲಾರರು. ಹಾಗೆ ನೋಡಿದರೆ, ದಾಟುವುದೆಂಬುದೇ ಈ ಊರಿನ ಚರಿತ್ರೆ.

ಊರಿನ ಒಂದು ಮಗ್ಗುಲಿಗೆ ದೂಧಗಂಗಾ, ಇನ್ನೊಂದು ಮಗ್ಗುಲಿಗೆ ವೇದಗಂಗಾ. ಇವೆರಡೂ ಕೊಲ್ಲಾಪುರ ಜಿಲ್ಲೆಯ ಸಹ್ಯಾದ್ರಿಯಲ್ಲಿ, ಮೊದಲನೆಯದು ರಾಧಾನಗರಿಯ ಕಡೆಯಲ್ಲಿ, ಎರಡನೆಯದು ಭುದರಗಡದ ಕಡೆಯಲ್ಲಿ ಹುಟ್ಟಿ, ಭೋಜದ ಬಳಿ ಒಂದಾಗುತ್ತವೆ. ಬಳಿಕ ಸದಲಗಾ ಪಟ್ಟಣದ ಮಗ್ಗುಲಲ್ಲಿ ಹರಿದು ಕಲ್ಲೋಳ, ಯಡೂರುಗಳ ಸಮೀಪ ಕೃಷ್ಣೆಯನ್ನು ಸೇರುತ್ತವೆ. ನದಿಗಳು ತಂದ ಕಪ್ಪು ಮಣ್ಣೇ ಇಲ್ಲಿಯ ಒಕ್ಕಲುತನದ ಬಂಡವಾಳ. ನಿಪ್ಪಾಣಿಯ ಹೆಸರನ್ನು ದೂರ ದೂರಕ್ಕೆ ಒಯ್ದ ತಂಬಾಕು ಈ ಸೀಮೆಯ ಹೊಲಗಳ ಬೆಳೆ. ಅದರ ನ್ಯಾಯಬೆಲೆಗಾಗಿ 1981ರಲ್ಲಿ ರೈತರು ನಿಪ್ಪಾಣಿಯ ಬಳಿ ಹೆದ್ದಾರಿಯಲ್ಲೇ ಕುಳಿತರು. ಏಪ್ರಿಲ್ ತಿಂಗಳಲ್ಲಿ ನಡೆದ ಗೋಲೀಬಾರಿನಲ್ಲಿ ಕೆಲವರು ಪ್ರಾಣ ತೆತ್ತರು. ಇಂದು ನದಿದಂಡೆಯಲ್ಲಿ ಕಬ್ಬಿನದೇ ದೊರೆತನ.

ಊರಿನ ಹೆಸರನ್ನು ಕೊಲ್ಲಾಪುರ ಸೀಮೆಯನ್ನಾಳಿದ ಶಿಲಾಹಾರ ವಂಶದ ಭೋಜರಾಜನಿಗೆ ಜೋಡಿಸುವ ಆಸೆ ಯಾರಿಗಾದರೂ ಆದೀತು. ಆದರೆ ಹೆಸರಿನ ಹೋಲಿಕೆಯೊಂದೇ ಚರಿತ್ರೆಗೆ ಸಾಕ್ಷಿಯಾಗಲಾರದು.

ಭೋಜದ ಹೆಸರನ್ನು ದೇಶಕ್ಕೆಲ್ಲ ತಿಳಿಸಿದವರು ಈ ಊರಿನ ಪಾಟೀಲ ಮನೆತನದ ಸಾತಗೌಡರು. ತಂದೆ ಭೀಮಗೌಡ, ತಾಯಿ ಸತ್ಯವತಿ. 1872ರಲ್ಲಿ ತಾಯಿಯ ತವರಾದ ಯಳಗೂಡದಲ್ಲಿ ಜನಿಸಿ ಭೋಜದಲ್ಲಿ ಬೆಳೆದ ಅವರು, 1920ರಲ್ಲಿ ಯರನಾಳದಲ್ಲಿ ದಿಗಂಬರ ಮುನಿದೀಕ್ಷೆ ಪಡೆದು ಆಚಾರ್ಯ ಶಾಂತಿಸಾಗರರೆನಿಸಿದರು. ಬಹುಮಟ್ಟಿಗೆ ಕ್ಷೀಣಿಸಿದ್ದ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟು, ಉತ್ತರ ಭಾರತದವರೆಗೂ ಕಾಲ್ನಡಿಗೆಯಲ್ಲಿ ವಿಹರಿಸಿದರು. 1955ರ ಸೆಪ್ಟೆಂಬರ್ 18ರಂದು ಮರಾಠವಾಡದ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟರು. ಗೃಹಸ್ಥರಾಗಿದ್ದಾಗ ಅವರು ಆದಿಸಾಗರ ಮುನಿಗಳನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಹೊಳೆಯಲ್ಲಿ ಬಾಲಯೇಸುವನ್ನು ಹೊತ್ತ ಸಂತ ಕ್ರಿಸ್ತೋಫರರ ಕಥೆಯನ್ನು ಬಲ್ಲ ನಮ್ಮವರಿಗೆ ಈ ಚಿತ್ರ ಅಪರಿಚಿತವೆನಿಸದು. ಅದೇ ನೀರಿನ ಕೆಳಹರಿವಿನಲ್ಲಿರುವ ಸದಲಗೆಯಲ್ಲಿ 1946ರಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರು 2024ರಲ್ಲಿ ದಿವಂಗತರಾದರು. ಒಂದೇ ಹೊಳೆಯ ದಂಡೆಯಿಂದ ಇಬ್ಬರು ಆಚಾರ್ಯರು!

ಇನ್ನು ಗಡಿಯ ಮಾತು. ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದ ಈ ಭಾಗ 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. 1967ರಲ್ಲಿ ಮಹಾಜನ ಆಯೋಗ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ. ಚಿಕ್ಕೋಡಿ ತಾಲ್ಲೂಕಿನಲ್ಲಿದ್ದ ಭೋಜ 2018ರಲ್ಲಿ ಹೊಸ ನಿಪ್ಪಾಣಿ ತಾಲ್ಲೂಕಿಗೆ ಸೇರಿತು. ಕಾಗದದ ಮೇಲಿನ ಗೆರೆಗಳು ಹೀಗೆ ಎಳೆಯಲ್ಪಡುತ್ತಿರಲು, ಕನ್ನಡ ಮರಾಠಿಗಳೆರಡನ್ನೂ ಆಡುವ ಒಕ್ಕಲಿಗನಿಗೆ ಮುಖ್ಯವಾದ ಪ್ರಶ್ನೆ ಬೇರೆಯೇ ಆಗಿತ್ತು: ಇಂದು ಹೊಳೆ ದಾಟಬಹುದೇ?

ದೂಧಗಂಗೆಗೆ ಕಾಳಮ್ಮವಾಡಿಯಲ್ಲಿಯೂ ವೇದಗಂಗೆಗೆ ಪಾಟಗಾವದಲ್ಲಿಯೂ ಆಣೆಕಟ್ಟುಗಳಿವೆ. ಬೇಸಗೆಯ ನೀರಿಗೆ ಇವು ಆಧಾರ. ಆದರೆ ಘಟ್ಟದಲ್ಲಿ ಮಳೆ ಬಿರುಸಾಗಿ ಆಣೆಕಟ್ಟಿನ ಬಾಗಿಲು ತೆರೆದಾಗ, ಭೋಜದಲ್ಲಿ ಹನಿ ಬೀಳದಿದ್ದರೂ ಹೊಳೆ ಏರುತ್ತದೆ. ದೂಧಗಂಗೆಯ ಕಾರದಗಾ–ಭೋಜ ಸೇತುವೆ, ವೇದಗಂಗೆಯ ಭೋಜವಾಡಿ–ಕುನ್ನೂರು ಸೇತುವೆ ಎರಡೂ ತಗ್ಗಿನವು. ಮಳೆಗಾಲದ ಮೊದಲ ಪ್ರವಾಹಕ್ಕೇ ಮುಳುಗುವ ಸೇತುವೆಗಳ ಸಾಲಿನಲ್ಲಿ ಇವುಗಳ ಹೆಸರು ತಪ್ಪುವುದಿಲ್ಲ. ಆಗ ಶಾಲೆಯ ಮಕ್ಕಳು, ಹಾಲಿನವರು, ರೋಗಿಗಳು ಯಮಗರ್ಣಿಯ ಹೆದ್ದಾರಿ ಸೇತುವೆಯ ಕಡೆಗೆ ಸುತ್ತುಬಳಸಿ ಹೋಗಬೇಕು. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಮಹಾಪೂರಗಳಲ್ಲಿ ಯಮಗರ್ಣಿಯಲ್ಲಿಯೂ ನೀರು ಹೆದ್ದಾರಿಯನ್ನೇರಿ ಆ ದಾರಿಯೂ ಮುಚ್ಚಿತು.