ಮೌನ ಸಮ್ಮತಿಯಲ್ಲ

ಆಪರೇಷನ್ ಟೇಬಲ್ ಮೇಲೆ ಮಲಗಿದವರು ಕೂಗಲಿಲ್ಲ, ಕದಲಲಿಲ್ಲ. ಹಾಗಂತ ಅವರಿಗೆ ನೋವೇ ಆಗಿಲ್ಲ ಅಂದುಬಿಡಬಹುದಾ? ಈ ಪ್ರಶ್ನೆಗೆ ಒಬ್ಬ ಡಾಕ್ಟರು ತಮ್ಮ ಮೈಯನ್ನೇ ಒಡ್ಡಿ ಉತ್ತರ ಕೊಟ್ಟರು. ಆ ಕಥೆ ಹೇಳ್ತೀನಿ.

ದಕ್ಷಿಣ ಅಮೆರಿಕದ ಕಾಡಿನ ಬೇಟೆಗಾರರು ಬಾಣಕ್ಕೆ ಬಳಿಯುತ್ತಿದ್ದ ವಿಷದ ಹೆಸರು ಕ್ಯುರಾರೆ. ತಾಗಿದ ಪ್ರಾಣಿಯ ಸ್ನಾಯುಗಳು ಸಡಿಲಾಗಿ, ಉಸಿರಾಟವೇ ನಿಂತುಹೋಗುತ್ತಿತ್ತು. ನರದ ಆಜ್ಞೆ ಸ್ನಾಯುವಿಗೆ ಮುಟ್ಟದಂತೆ ಅದು ತಡೆಯುತ್ತದೆ ಎಂಬ ಗುಟ್ಟನ್ನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 19ನೇ ಶತಮಾನದಲ್ಲೇ ಬಿಡಿಸಿದ್ದರು.

1942ರ ಜನವರಿ 23. ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್, ಅರಿವಳಿಕೆ ಕೊಟ್ಟಿದ್ದ ಅಪೆಂಡಿಕ್ಸ್ ರೋಗಿಗೆ ಕ್ಯುರಾರೆ ಚುಚ್ಚಿದರು. ಬಿಗಿದಿದ್ದ ಹೊಟ್ಟೆ ಸಡಿಲವಾಯಿತು, ಸರ್ಜನ್ ಕೆಲಸ ಸಲೀಸಾಯಿತು. ವಿಷವೇ ಮದ್ದಾಯಿತು!

ಎಡವಟ್ಟಾಗಿದ್ದು ಆಮೇಲೆ. ಈ ಮದ್ದು ಪ್ರಜ್ಞೆಯನ್ನೂ ತಪ್ಪಿಸುತ್ತದೆ ಅಂತ ಕೆಲ ವೈದ್ಯರು ನಂಬಿಬಿಟ್ಟರು. ಅಮೆರಿಕದ ಯೂಟಾದ ಅರಿವಳಿಕೆ ತಜ್ಞ ಸ್ಕಾಟ್ ಸ್ಮಿತ್ ಅದನ್ನು ತಮ್ಮ ಮೇಲೇ ಪರೀಕ್ಷಿಸಿಕೊಂಡರು. ಬೆರಳು ಆಡಲಿಲ್ಲ, ರೆಪ್ಪೆ ಎತ್ತಲಾಗಲಿಲ್ಲ, ಉಸಿರನ್ನೂ ಬೇರೆಯವರೇ ಕೊಡಬೇಕಾಯಿತು. ಆದರೆ ಎಚ್ಚರ ಪೂರ್ತಿ ಇತ್ತು, ನೋವೂ ಗೊತ್ತಾಗುತ್ತಿತ್ತು. ಆ ವರದಿ 1947ರಲ್ಲಿ ಪ್ರಕಟವಾಯಿತು.

ಸ್ನಾಯು ಸಡಿಲಿಸುವ ಮದ್ದು ಬೇರೆ, ಪ್ರಜ್ಞೆ ತಪ್ಪಿಸುವ ಮದ್ದು ಬೇರೆ ಎಂಬುದು ಇವತ್ತು ಅರಿವಳಿಕೆ ಶಾಸ್ತ್ರದ ಮೊದಲ ಪಾಠ. ಮೌನಂ ಸಮ್ಮತಿ ಲಕ್ಷಣಂ ಅಂತೀವಲ್ಲ, ಅದು ಎಲ್ಲ ಕಡೆ ನಡೆಯಲ್ಲ ಸ್ವಾಮಿ. ಬಾಯಿ ಕಟ್ಟಿಹೋದವನ ನೋವು ನೋವಲ್ಲ ಅನ್ನೋಕೆ ನಾವ್ಯಾರು?